ನೋವು ಹೇಳಿಕೊಳ್ಳುವ ಸೇತುವೆ

ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿ ಅದನ್ನು ಎತ್ತಿ ಹಿಡಿದು, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡದೆ ದುಡ್ಡು ಕೊಡುವುದಿಲ್ಲ. ಕಂಚಿನ ಬಟ್ಟಲಿನಂತೆ ದನಿ ಹೊರಟರೆ ಮಡಕೆ ಗಟ್ಟಿ. ದನಿ ಮೊಂಡಾದರೆ ಎಲ್ಲಿಯೋ ಕಣ್ಣಿಗೆ ಕಾಣದ ಬಿರುಕೊಂದು ಅಡಗಿದೆಯೆಂದು ಅರ್ಥ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ದಕ್ಷಿಣ ಕನ್ನಡದ ಮಾಡುಗಳನ್ನು ಹೊದಿಸುತ್ತ ಬಂದ ಕೆಂಪು ಹೆಂಚಿಗೂ ಇದೇ ಪರೀಕ್ಷೆ. ತೆಂಗಿನಕಾಯಿಗೂ ಇದೇ ಪರೀಕ್ಷೆ. ವಸ್ತುವನ್ನು ಒಡೆಯದೆಯೇ ಅದರ ಒಳಗುಟ್ಟನ್ನು ಅರಿಯುವ ವಿದ್ಯೆ ಈ ನಾಡಿಗೆ ಹೊಸದಲ್ಲ.

ಆದರೆ ಈ ವಿದ್ಯೆಗೆ ಒಂದು ಮಿತಿಯುಂಟು. ತಟ್ಟಿದಾಗ ಮಾತ್ರ ವಸ್ತು ಮಾತನಾಡುತ್ತದೆ, ತಟ್ಟುವವರಿಲ್ಲದಿದ್ದರೆ ಮೌನವಾಗಿರುತ್ತದೆ. ಮಡಕೆ ಮೌನದಲ್ಲಿಯೇ ಒಡೆದರೆ ನೀರು ಚೆಲ್ಲೀತು, ಅಷ್ಟೆ. ಸೇತುವೆ ಮೌನದಲ್ಲಿಯೇ ಒಡೆದರೆ?

ಈ ಪ್ರಶ್ನೆ ಕೇವಲ ಊಹೆಯದಲ್ಲ. ವೇಣೂರಿನ ಬಾಹುಬಲಿಯ ಪಾದದ ಬಳಿಯಲ್ಲಿ ಹರಿದು, ಮೂಡುಬಿದಿರೆ ಬಂಟ್ವಾಳಗಳ ಸೀಮೆಯನ್ನು ಬಳಸಿಕೊಂಡು, ಗುರುಪುರವನ್ನು ಹಾದು ಕಡಲನ್ನು ಸೇರುವ ಫಲ್ಗುಣಿ ನದಿಗೆ ಬಂಟ್ವಾಳ ತಾಲೂಕಿನ ಮೂಲರಪಟ್ನದಲ್ಲಿ ಒಂದು ಸೇತುವೆ ಇದ್ದಿತು. ವಯಸ್ಸು ಸುಮಾರು ಮೂರು ದಶಕ. ಸೇತುವೆಗಳ ಲೆಕ್ಕದಲ್ಲಿ ಅದು ಯೌವನವೇ ಸರಿ. ೨೦೧೮ರ ಜೂನ್ ೨೫ರಂದು, ಮಳೆಗಾಲದ ತುಂಬು ಹೊಳೆಯಲ್ಲಿ, ಅದು ಕುಸಿದುಬಿತ್ತು. ನದಿಯಿಂದ ಮರಳನ್ನು ಎಗ್ಗಿಲ್ಲದೆ ತೆಗೆದುದರಿಂದ ಕಂಬದ ಬುಡ ಸಡಿಲವಾಯಿತೆಂದು ಊರವರು ದೂರಿದರು. ಜೀವಹಾನಿಯಾಗಲಿಲ್ಲವೆಂಬುದೊಂದೇ ಸಮಾಧಾನ. ಆಚೆಯ ದಡ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಅಲ್ಲಿಗೆ ಹೋಗಲು ಜನರು ಸುತ್ತುದಾರಿಯನ್ನು ಹಿಡಿಯಬೇಕಾಯಿತು.

ಆರು ವರ್ಷಗಳ ತರುವಾಯ, ೨೦೨೪ರ ಆಗಸ್ಟ್ ೭ರ ನಡುರಾತ್ರಿ ಕಳೆದ ಹೊತ್ತಿನಲ್ಲಿ, ಕಾರವಾರದ ಬಳಿ ಕಾಳೀ ನದಿಯ ಹಳೆಯ ಸೇತುವೆಯೂ ಹಾಗೆಯೇ ಮುರಿದುಬಿತ್ತು. ಅದಕ್ಕೆ ಸುಮಾರು ನಲವತ್ತು ವರ್ಷ. ಸೇತುವೆಯೊಡನೆ ನದಿಗೆ ಬಿದ್ದ ಲಾರಿಯ ಚಾಲಕನನ್ನು ಕತ್ತಲಲ್ಲಿಯೇ ಮೇಲೆತ್ತಿ ಉಳಿಸಲಾಯಿತು. ಹಗಲು ಹೊತ್ತಾಗಿದ್ದರೆ, ಬಸ್ಸುಗಳ ಸಾಲು ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಿಕೊಳ್ಳಬಲ್ಲರು.

ಕಲ್ಲಾಗಲಿ ಕಾಂಕ್ರೀಟಾಗಲಿ ಒಂದು ದಿನದಲ್ಲಿ ಸಾಯುವುದಿಲ್ಲ. ತಿಂಗಳು, ವರ್ಷಗಳ ಕಾಲ ಅದು ನರಳಿರುತ್ತದೆ. ಆ ನರಳಿಕೆ ಯಾರ ಕಿವಿಗೂ ಬೀಳುವುದಿಲ್ಲ, ಏಕೆಂದರೆ ವಸ್ತುವಿಗೆ ನರಗಳಿಲ್ಲ. ನರಗಳನ್ನು ಕೊಟ್ಟರೆ ಹೇಗೆ? ಇದೇ ಇಂದಿನ ವಿಜ್ಞಾನಿಗಳ ಒಂದು ದೊಡ್ಡ ಉದ್ಯೋಗ. ಅದರ ಫಲವೇ ಒಡಲಿನಲ್ಲಿಯೇ ಸಂವೇದಕಗಳನ್ನು ಹೊತ್ತ ಸಂಯುಕ್ತ ವಸ್ತುಗಳು. ವಿಜ್ಞಾನಿಗಳು ಇವನ್ನು ಜಾಣ ವಸ್ತುಗಳೆಂದು ಕರೆಯುತ್ತಾರೆ.

ಸಂಯುಕ್ತ ವಸ್ತು ಎಂಬ ಹೆಸರು ಗಂಭೀರವಾದರೂ ಸಂಗತಿ ಸರಳವಾದುದು. ಬರಿಯ ಮಣ್ಣಿನ ಗೋಡೆ ಒಣಗಿದಾಗ ಬಿರಿಯುತ್ತದೆ. ಬರಿಯ ಬೈಹುಲ್ಲು ನಿಲ್ಲಲಾರದು. ಎರಡನ್ನೂ ಕಲಸಿ ತುಳಿದು ಗೋಡೆ ಎಬ್ಬಿಸಿದರೆ ಹುಲ್ಲಿನೆಳೆಗಳು ಮಣ್ಣನ್ನು ಹಿಡಿದಿಡುತ್ತವೆ, ಮಣ್ಣು ಹುಲ್ಲಿಗೆ ಆಕಾರ ಕೊಡುತ್ತದೆ. ಒಂದರ ಕುಂದನ್ನು ಇನ್ನೊಂದರ ಗುಣ ಮುಚ್ಚುತ್ತದೆ. ಈಗಿನ ಸಂಯುಕ್ತ ವಸ್ತುವಿನಲ್ಲಿ ಹುಲ್ಲಿನ ಬದಲು ಗಾಜಿನ ಇಲ್ಲವೆ ಇಂಗಾಲದ ಎಳೆ. ಮಣ್ಣಿನ ಬದಲು ಗಟ್ಟಿಯಾಗುವ ರಾಳ. ಇಂಗಾಲದ ಒಂದೊಂದು ಎಳೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಐದರಿಂದ ಏಳು ಪಾಲು ಮಾತ್ರ. ಇಂಥ ಎಳೆಗಳನ್ನು ಹಾಳೆಗಳಾಗಿ ಹಾಸಿ, ಹಾಳೆಯ ಮೇಲೆ ಹಾಳೆಯನ್ನು ಬೇರೆ ಬೇರೆ ದಿಕ್ಕಿಗೆ ಜೋಡಿಸಿ, ರಾಳದೊಡನೆ ಬೇಯಿಸಿ ಗಟ್ಟಿ ಮಾಡುತ್ತಾರೆ. ಉಕ್ಕಿನ ಕಾಲುಭಾಗಕ್ಕಿಂತಲೂ ಕಡಿಮೆ ತೂಕ. ಬಲದಲ್ಲಿ ಉಕ್ಕಿಗೆ ಸಮ. ತುಕ್ಕಿನ ಮಾತೇ ಇಲ್ಲ.

ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನ ೨೦೦೧ರ ಜನವರಿ ೪ರಂದು ಮೊದಲ ಬಾರಿಗೆ ಹಾರಿತು. ಅದರ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು ನಲವತ್ತೈದು ಪಾಲು ಇಂಥ ಇಂಗಾಲದೆಳೆಯ ವಸ್ತುವೇ. ಅದರ ಬಾಲದ ರೆಕ್ಕೆ, ಚುಕ್ಕಾಣಿಗಳಂಥ ಭಾಗಗಳನ್ನು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಬೆಳೆಸಿತು.

ಇಷ್ಟು ಗುಣವಿರುವ ವಸ್ತುವಿಗೆ ಒಂದು ದುರ್ಗುಣವೂ ಉಂಟು. ಲೋಹದ ತಗಡಿಗೆ ಪೆಟ್ಟು ಬಿದ್ದರೆ ನೆಗ್ಗುತ್ತದೆ. ನೆಗ್ಗಿದ್ದು ಕಣ್ಣಿಗೆ ಕಾಣುತ್ತದೆ. ಹಾಳೆ ಹಾಳೆಯಾಗಿ ಬೆಸೆದ ಸಂಯುಕ್ತ ವಸ್ತುವಿನ ಮೇಲೆ ಕೆಲಸಗಾರನ ಕೈಯಿಂದ ಒಂದು ಸ್ಪಾನರು ಜಾರಿ ಬಿದ್ದರೆ ಮೇಲ್ಮೈ ನುಣುಪಾಗಿಯೇ ಉಳಿದು, ಒಳಗಿನ ಹಾಳೆಗಳು ಒಂದನ್ನೊಂದು ಬಿಟ್ಟಿರಬಹುದು. ಹೊರಗೆ ಮುಗುಳ್ನಗೆ, ಒಳಗೆ ಬಿರುಕು. ಇದನ್ನು ಕಂಡುಹಿಡಿಯಲು ವಿಮಾನದ ಮೆಕ್ಯಾನಿಕ್ಕು ಒಂದು ನಾಣ್ಯದಿಂದ ಇಲ್ಲವೆ ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲವಾಗಿ ತಟ್ಟುತ್ತ ದನಿಯನ್ನು ಆಲಿಸುತ್ತಾನೆ. ಕೋಟಿಗಟ್ಟಲೆ ಬೆಲೆಯ ವಿಮಾನಕ್ಕೂ ಎರಡು ಕಾಸಿನ ಮಡಕೆಗೂ ಪರೀಕ್ಷೆ ಒಂದೇ! ಆದರೆ ಹಾರುತ್ತಿರುವ ವಿಮಾನವನ್ನು ತಟ್ಟುವವರು ಯಾರು? ಆದುದರಿಂದಲೇ ವಸ್ತುವಿಗೆ ನರ ಹೊಂದಿಸುವ ಯೋಚನೆ ಹುಟ್ಟಿದುದು.

ಆ ನರವೆಂದರೆ ಹೆಚ್ಚಾಗಿ ಒಂದು ಗಾಜಿನೆಳೆ. ಟೆಲಿಫೋನಿನ ಮಾತನ್ನು ಬೆಳಕಾಗಿ ಒಯ್ಯುವ ಅದೇ ಆಪ್ಟಿಕಲ್ ಫೈಬರು. ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಅದರ ಒಡಲಲ್ಲಿ ಅತಿನೇರಳೆ ಬೆಳಕಿನಿಂದ ಒತ್ತೊತ್ತಾಗಿ ಗೆರೆಗಳನ್ನು ಮೂಡಿಸುತ್ತಾರೆ. ಒಂದು ಸೆಂಟಿಮೀಟರಿನ ಉದ್ದದಲ್ಲಿ ಹದಿನೆಂಟು ಸಾವಿರದಷ್ಟು. ಎಳೆಯ ಒಂದು ತುದಿಯಿಂದ ಬೆಳಕನ್ನು ಹಾಯಿಸಿದರೆ ಈ ಗೆರೆಗಳ ಗುಂಪು ಒಂದೇ ಒಂದು ಬಣ್ಣವನ್ನು ಆರಿಸಿ ಹಿಂದಕ್ಕೆ ಕಳುಹಿಸುತ್ತದೆ. ಉಳಿದವು ಮುಂದಕ್ಕೆ ಹೋಗುತ್ತವೆ. ಯಾವ ಬಣ್ಣ ಮರಳಿ ಬರಬೇಕೆಂಬುದನ್ನು ಗೆರೆಗಳ ನಡುವಣ ಅಂತರ ನಿರ್ಧರಿಸುತ್ತದೆ. ಎಳೆ ಹಿಗ್ಗಿದರೆ ಅಂತರ ಹಿಗ್ಗುತ್ತದೆ. ಮರಳಿ ಬರುವ ಬೆಳಕಿನ ತರಂಗಾಂತರವೂ ಉದ್ದವಾಗುತ್ತದೆ. ವೀಣೆಯ ತಂತಿಯನ್ನು ಎಳೆದಾಗ ಸ್ವರ ಬದಲಾಗುವಂತೆ ಇಲ್ಲಿ ಬಣ್ಣ ಬದಲಾಗುತ್ತದೆಯೆನ್ನಬಹುದು. ಬಣ್ಣವೆಂದರೂ ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಅದನ್ನು ಓದುವುದಕ್ಕೆ ಉಪಕರಣ ಬೇಕು.

ಎಕ್ಸ್ ಕಿರಣಗಳಿಂದ ಹರಳುಗಳ ಒಳರಚನೆಯನ್ನು ಕಂಡು ೧೯೧೫ರಲ್ಲಿ ನೊಬೆಲ್ ಪಾರಿತೋಷಕ ಪಡೆದ ತಂದೆ ಮಕ್ಕಳಾದ ಬ್ರಾಗರ ಹೆಸರಿನಿಂದ ಈ ಗೆರೆಗಳಿಗೆ ಬ್ರಾಗ್ ಜಾಲಕವೆಂದು ಹೆಸರು ಬಂದಿತು. ಕೆನಡಾದ ಒಟ್ಟಾವಾದಲ್ಲಿ ೧೯೭೮ರಲ್ಲಿ ಕೆನ್ ಹಿಲ್ ಮತ್ತು ಸಂಗಡಿಗರು ಇಂಥ ಗೆರೆಗಳನ್ನು ಗಾಜಿನೆಳೆಯಲ್ಲಿ ಮೊದಲು ಮೂಡಿಸಿದರು.

ಇದರ ಸೂಕ್ಷ್ಮತೆ ಬೆರಗು ಹುಟ್ಟಿಸುವಂಥದು. ಒಂದು ಮೀಟರು ಉದ್ದದ ತೊಲೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗಿದರೂ ಬಣ್ಣದ ವ್ಯತ್ಯಾಸ ಉಪಕರಣಕ್ಕೆ ತಿಳಿಯುತ್ತದೆ. ಕಾಂಕ್ರೀಟನ್ನು ಎಳೆದರೆ ಮೀಟರಿಗೆ ಇಂಥ ನೂರು ನೂರೈವತ್ತು ಪಾಲು ಹಿಗ್ಗುವಷ್ಟರಲ್ಲಿ ಅದು ಬಿರಿಯತೊಡಗುತ್ತದೆ. ಎಂದರೆ ಬಿರುಕು ಹುಟ್ಟುವುದಕ್ಕೆ ಮುಂಚೆಯೇ ಸುದ್ದಿ ಬರುತ್ತದೆ. ಒಂದೇ ಎಳೆಯಲ್ಲಿ ಹತ್ತಾರು ಜಾಲಕಗಳನ್ನು, ಒಂದೊಂದಕ್ಕೆ ಒಂದೊಂದು ಬಣ್ಣ ಕೊಟ್ಟು, ಮಲ್ಲಿಗೆಯ ದಂಡೆಯಂತೆ ಪೋಣಿಸಬಹುದು. ನೋವು ಎಲ್ಲಿ ಎಂಬುದನ್ನು ಬಣ್ಣವೇ ಹೇಳುತ್ತದೆ. ಮೇಲಾಗಿ ಗಾಜಿನಲ್ಲಿ ವಿದ್ಯುತ್ತು ಹರಿಯದು. ಮುಂಗಾರಿಗೆ ಮುಂಚಿನ ಸಿಡಿಲುಮಳೆಗೆ ತಂತಿ ಕಂಬಗಳೆಲ್ಲ ಬೆದರುವ ಬೆಳ್ತಂಗಡಿಯಂಥ ಘಟ್ಟದ ಬುಡದ ಊರಿಗೆ ಇದು ಸಣ್ಣ ಗುಣವಲ್ಲ.

ಆದರೆ ಈ ನರಕ್ಕೆ ಒಂದು ಭ್ರಮೆಯೂ ಉಂಟು. ಅದಕ್ಕೆ ಎಳೆತಕ್ಕೂ ಬಿಸಿಲಿಗೂ ಭೇದ ತಿಳಿಯದು. ಕಾವು ಒಂದು ಡಿಗ್ರಿ ಏರಿದರೆ ಎಳೆ ತಾನಾಗಿಯೇ ಬಣ್ಣ ಬದಲಿಸಿ, ಮೀಟರಿಗೆ ಎಂಟು ಪಾಲು ಎಳೆತ ಬಿದ್ದಂತೆ ತೋರಿಸುತ್ತದೆ. ಬೆಳಗಿನ ತಂಪಿಗಿಂತ ನಡುಹಗಲಿನ ಕಾವು ಹತ್ತು ಡಿಗ್ರಿ ಹೆಚ್ಚಾದರೆ, ಇಲ್ಲದ ಎಂಬತ್ತು ಪಾಲು ನೋವನ್ನು ಸೇತುವೆ ಹೇಳಿಕೊಂಡೀತು! ಅದಕ್ಕಾಗಿ ಪಕ್ಕದಲ್ಲಿಯೇ ಎಳೆತ ತಾಗದಂತೆ ಇನ್ನೊಂದು ಜಾಲಕವನ್ನಿರಿಸಿ, ಬರಿಯ ಕಾವನ್ನು ಅಳೆದು ಲೆಕ್ಕದಿಂದ ಕಳೆಯುತ್ತಾರೆ. ರೋಗಿಯ ಮಾತನ್ನೆಲ್ಲ ನಂಬದೆ ನಾಡಿ ಹಿಡಿದು ನೋಡುವ ವೈದ್ಯನ ಜಾಣ್ಮೆಯೇ ಇಲ್ಲಿಯೂ ಬೇಕು.

ಗಾಜಿನೆಳೆಯೊಂದೇ ದಾರಿಯಲ್ಲ. ಒತ್ತಿದರೆ ವಿದ್ಯುತ್ತನ್ನು ಹೊಮ್ಮಿಸುವ ಹರಳುಗಳನ್ನು ಫ್ರಾನ್ಸಿನ ಕ್ಯೂರಿ ಸೋದರರು ೧೮೮೦ರಲ್ಲಿಯೇ ಕಂಡಿದ್ದರು. ಅದೇ ಗುಣವುಳ್ಳ ಪ್ಲಾಸ್ಟಿಕ್ ಹಾಳೆಯನ್ನು ಜಪಾನಿನ ಕವಾಯಿ ೧೯೬೯ರಲ್ಲಿ ತೋರಿಸಿಕೊಟ್ಟನು. ಇಂಥ ತುಣುಕುಗಳನ್ನು ಸಂಯುಕ್ತ ವಸ್ತುವಿನ ಹಾಳೆಗಳ ನಡುವೆ ಸೇರಿಸಿದರೆ, ಒಂದು ಸಣ್ಣಗೆ ನಡುಗಿ ಅಲೆಯನ್ನು ಎಬ್ಬಿಸುತ್ತದೆ, ಇನ್ನೊಂದು ಅದನ್ನು ಆಲಿಸುತ್ತದೆ. ಬೆರಳೂ ಕಿವಿಯೂ ವಸ್ತುವಿನ ಒಳಗೇ ಸೇರಿದಂತಾಯಿತು. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಡೆಬೊರಾ ಚಂಗ್ ೧೯೯೩ರಲ್ಲಿ ಇನ್ನೂ ಸುಲಭದ ಹಾದಿ ತೋರಿದರು. ಕಾಂಕ್ರೀಟಿಗೆ ಇಂಗಾಲದ ಸಣ್ಣ ಎಳೆಗಳನ್ನು ಬೆರೆಸಿದರೆ ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ಹೊರೆ ಬಿದ್ದಾಗ, ಒಳಗೆ ಕೆಟ್ಟಾಗ ಆ ಹರಿವಿಗೆ ಒದಗುವ ತಡೆ ಬದಲಾಗುತ್ತದೆ. ಅಲ್ಲಿ ಬೇರೆ ನರವೇ ಬೇಡ, ಮೈಯೆಲ್ಲವೂ ನರ.

ಇನ್ನೊಂದು ಬಗೆಯ ಕೇಳ್ವಿಗೆ ಕನ್ನಡ ನಾಡಿನ ನಂಟೂ ಉಂಟು. ೧೯೨೮ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಕಂಡ ಹೊಸ ಬೆಳಕಿನ ವಿಷಯವನ್ನು ಚಂದ್ರಶೇಖರ ವೆಂಕಟರಾಮನ್ ಅವರು ಅದೇ ಮಾರ್ಚ್ ೧೬ರಂದು ಬೆಂಗಳೂರಿನ ವಿದ್ವಾಂಸರ ಸಭೆಯಲ್ಲಿ ವಿವರಿಸಿದರು. ಗಾಜಿನೆಳೆಯ ಉದ್ದಕ್ಕೂ ಚದರಿ ಹಿಂದಿರುಗುವ ಆ ರಾಮನ್ ಬೆಳಕನ್ನು ಓದಿ, ಯಾವ ಜಾಲಕವೂ ಇಲ್ಲದೆ, ಕಿಲೋಮೀಟರುಗಟ್ಟಲೆ ದೂರದವರೆಗೆ ಎಲ್ಲಿ ಎಷ್ಟು ಕಾವಿದೆಯೆಂಬುದನ್ನು ಇಂದು ಅಳೆಯಬಹುದಾಗಿದೆ.

ಭಾರತದಲ್ಲಿ ಈ ವಿದ್ಯೆಗೆ ಬೆಂಗಳೂರೇ ತವರು. ೨೦೦೦ದಲ್ಲಿ ಆರಂಭವಾದ ರಾಷ್ಟ್ರೀಯ ಜಾಣ ವಸ್ತುಗಳ ಕಾರ್ಯಕ್ರಮಕ್ಕೂ ೨೦೦೭ರಲ್ಲಿ ಅದನ್ನು ಮುಂದುವರಿಸಿದ ಕಾರ್ಯಕ್ರಮಕ್ಕೂ ಬೆಂಗಳೂರಿನವರೇ ಆದ ಡಾ. ವಿ. ಕೆ. ಆತ್ರೆಯವರು ಹಿರಿಯ ಮಾರ್ಗದರ್ಶಿಗಳಾಗಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎಸ್. ಅಶೋಕನ್ ಅವರ ಬಳಗವು ಇದೇ ಜಾಲಕದಿಂದ ಮನುಷ್ಯನ ನಾಡಿಯ ಬಡಿತವನ್ನು ಅಳೆದು ತೋರಿಸಿತು.

ನಿಶಾಂತ್ ಎಂಬ ಚಾಲಕನಿಲ್ಲದ ವಿಮಾನದ ಕಥೆ ಇನ್ನೂ ಸ್ವಾರಸ್ಯವಾದುದು. ಅದು ಕವಣೆಯಿಂದ ಎಸೆದಂತೆ ಚಿಮ್ಮಿ ಮೇಲೇರುತ್ತಿತ್ತು. ಇಳಿಯುವಾಗ ಪ್ಯಾರಾಚೂಟಿನಿಂದ ನೆಲಕ್ಕೆ ಬಂದು ಕುಕ್ಕರಿಸುತ್ತಿತ್ತು. ಏರುವಾಗಲೂ ಪೆಟ್ಟು, ಇಳಿಯುವಾಗಲೂ ಪೆಟ್ಟು. ಅದರ ಬಾಲವನ್ನು ಹೊತ್ತ ಸಂಯುಕ್ತ ವಸ್ತುವಿನ ಎರಡು ಉದ್ದ ತೋಳುಗಳೊಳಗೆ ಗಾಜಿನೆಳೆಯನ್ನು ಹುದುಗಿಸಿ, ಹಾರಾಟದಲ್ಲಿಯೇ ಆ ಪೆಟ್ಟುಗಳನ್ನು ಅಳೆದರು. ಬೆಂಗಳೂರಿನ ವಿಜ್ಞಾನಿಗಳೂ ಇಸ್ರೇಲಿನವರೂ ಕೂಡಿ ಮಾಡಿದ ಈ ಪರೀಕ್ಷೆಯ ವಿವರ ೨೦೧೫ರಲ್ಲಿ ಪ್ರಕಟವಾಯಿತು.

ಆಕಾಶಕ್ಕೆ ಸಲ್ಲುವುದು ನೆಲಕ್ಕೂ ಸಲ್ಲುತ್ತದೆ. ಕೆನಡಾದ ಕ್ಯಾಲ್ಗರಿ ನಗರದಲ್ಲಿ ೧೯೯೩ರಲ್ಲಿಯೇ ಒಂದು ಹೆದ್ದಾರಿ ಸೇತುವೆಯ ತೊಲೆಗಳಿಗೆ ಉಕ್ಕಿನ ತಂತಿಯ ಬದಲು ಇಂಗಾಲದೆಳೆಯ ಹಗ್ಗಗಳನ್ನು ಬಿಗಿದು, ಅವುಗಳ ಜೊತೆಯಲ್ಲಿ ಬ್ರಾಗ್ ಜಾಲಕಗಳನ್ನು ಹುದುಗಿಸಿದರು. ಇದರ ಅಗತ್ಯ ಕರಾವಳಿಗೆ ಇನ್ನೂ ಹೆಚ್ಚು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆ ಸುರಿಯುವ, ಕಡಲ ಉಪ್ಪುಗಾಳಿ ಬೀಸುವ ದಕ್ಷಿಣ ಕನ್ನಡದಲ್ಲಿ ಕಾಂಕ್ರೀಟಿನೊಳಗಿನ ಉಕ್ಕಿಗೆ ತುಕ್ಕೇ ಮೃತ್ಯು. ತುಕ್ಕು ತಾನು ತಿಂದ ಉಕ್ಕಿಗಿಂತ ಎರಡು ಪಟ್ಟಿಗೂ ಮಿಗಿಲಾದ ಜಾಗವನ್ನು ಬೇಡಿ, ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಹೊರಗಿನ ಗಿಲಾವು ಉದುರಿ ಕಂಬಿ ಕಣ್ಣಿಗೆ ಬೀಳುವಷ್ಟರಲ್ಲಿ ರೋಗ ಬಲಿತಿರುತ್ತದೆ.

ಹಾಗಾದರೆ ಮೂಲರಪಟ್ನದ ಸೇತುವೆಯ ಹೊಟ್ಟೆಯಲ್ಲಿ ಇಂಥ ಎಳೆಯೊಂದು ಇದ್ದಿದ್ದರೆ ಅದು ಉಳಿಯುತ್ತಿತ್ತೇ? ಇಲ್ಲಿ ಅವಸರದ ಉತ್ತರ ಸಲ್ಲದು. ತೊಲೆಯೊಳಗಿನ ನರಕ್ಕೆ ತೊಲೆಯ ನೋವು ಗೊತ್ತು. ಕಂಬದ ಬುಡದಲ್ಲಿ ನೀರು ಮರಳನ್ನು ಕೊರೆಯುತ್ತಿರುವುದು ಅದಕ್ಕೆ ತಿಳಿಯದು. ಕಂಬ ಒಂದಿಷ್ಟು ಓಲಿದ ಮೇಲೆಯೇ ಮೇಲಿನ ತೊಲೆಗೆ ಸುದ್ದಿ ಮುಟ್ಟುವುದು. ಅಷ್ಟರಲ್ಲಿ ಕಾಲ ಮಿಂಚಿರಲೂಬಹುದು. ಬುಡದ ಸುದ್ದಿ ಬೇಕಾದರೆ ಕಿವಿಯನ್ನು ಬುಡದಲ್ಲಿಯೇ ಇಡಬೇಕು. ತೈವಾನಿನ ಸಂಶೋಧಕರು ಇದೇ ಜಾಲಕಗಳನ್ನು ಕೋಲಿಗೆ ಅಳವಡಿಸಿ ಕಂಬದ ಪಕ್ಕದಲ್ಲಿ ನದಿಯ ನೆಲಕ್ಕೆ ಹೂಳಿ ನೋಡಿದ್ದಾರೆ. ಮಣ್ಣು ಕೊಚ್ಚಿಹೋದೊಡನೆ ಕೋಲಿಗೆ ಹೊಳೆಯ ಸೆಳೆತ ತಾಗಿ ಅದು ಬಾಗುತ್ತದೆ. ಬಾಗಿದ ಜಾಲಕವೇ ಕೊರೆತ ಎಲ್ಲಿಯವರೆಗೆ ಬಂದಿತೆಂದು ಹೇಳುತ್ತದೆ.

ಕಿವಿ ತಪ್ಪಾದ ಕಡೆಯಲ್ಲಿದ್ದರೆ ಏನಾಗುವುದೆಂಬುದಕ್ಕೆ ಅಮೆರಿಕದ ಮಿನಿಯಾಪೊಲಿಸ್ ನಗರ ಸಾಕ್ಷಿ. ಅಲ್ಲಿ ಮಿಸಿಸಿಪ್ಪಿ ನದಿಯ ಹೆದ್ದಾರಿ ಸೇತುವೆ ೨೦೦೭ರ ಆಗಸ್ಟ್ ೧ರ ಸಂಜೆ, ವಾಹನಗಳು ಕಿಕ್ಕಿರಿದಿದ್ದ ಹೊತ್ತಿನಲ್ಲಿ ಕುಸಿದು ೧೩ ಜನ ಸತ್ತರು. ಆ ಸೇತುವೆಯನ್ನು ಯಾರೂ ಮರೆತಿರಲಿಲ್ಲ. ಹದಿನೈದು ವರ್ಷಗಳಿಗೂ ಮುಂಚಿನಿಂದ ಸರಕಾರದ ದಫ್ತರಗಳಲ್ಲಿ ಅದು ‘ಕೊರತೆಯುಳ್ಳದ್ದು’ ಎಂದೇ ದಾಖಲಾಗಿತ್ತು; ತನಿಖೆದಾರರು ತಪ್ಪದೆ ಬಂದು ತುಕ್ಕನ್ನೂ ಬಿರುಕನ್ನೂ ನೋಡುತ್ತಿದ್ದರು. ಆದರೆ ತಪ್ಪಿದ್ದುದು ಬೇರೆಡೆ: ತೊಲೆಗಳನ್ನು ಕೂಡಿಸುವ ತಗಡುಗಳನ್ನು ಮೊದಲ ನಕಾಶೆಯಲ್ಲಿಯೇ ಬೇಕಾದುದಕ್ಕಿಂತ ತೆಳ್ಳಗೆ ಇರಿಸಲಾಗಿತ್ತು. ಮರುವರ್ಷವೇ ಅಲ್ಲಿ ತೆರೆದ ಹೊಸ ಸೇತುವೆಯಲ್ಲಿ ಮುನ್ನೂರಕ್ಕೂ ಹೆಚ್ಚು ಸಂವೇದಕಗಳನ್ನು ಹೂಡಿದರು.

ಇದರಿಂದ ತಿಳಿಯಬೇಕಾದ ಪಾಠ ಎರಡು. ಮೊದಲನೆಯದು, ಕಿವಿ ಎಲ್ಲಿ ಇರಬೇಕೆಂಬುದನ್ನು ಯಂತ್ರವು ಹೇಳದು. ಆ ಊರಿನ ಹೊಳೆ, ಮರಳು, ಮಳೆಗಳನ್ನು ಬಲ್ಲ ಮನುಷ್ಯನೇ ಹೇಳಬೇಕು. ಎರಡನೆಯದು, ಕೇಳಿದ ಮೇಲೆ ಏಳುವವರು ಬೇಕು. ‘ಕೊರತೆಯುಳ್ಳದ್ದು’ ಎಂಬ ಮಾತು ಕಡತದಲ್ಲಿ ಮಲಗಿದ್ದರೆ, ಕಡತ ಎಷ್ಟೇ ಚೊಕ್ಕಟವಾಗಿದ್ದರೂ ಸೇತುವೆ ಬೀಳುತ್ತದೆ. ಮೂಲರಪಟ್ನದಲ್ಲಂತೂ ಮರಳಿನ ಮಾತನ್ನು ಆಡಿದವರು ಸಂವೇದಕಗಳಲ್ಲ, ನದಿಯ ದಂಡೆಯ ಜನರು.

ಎಲ್ಲ ಹಳೆಯ ಸೇತುವೆಗಳ ಒಡಲನ್ನೂ ಬಗೆದು ನರ ಹೊಗಿಸುವುದು ಆಗದ ಕೆಲಸ. ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟುವ ಹಳೆಯ ಉಕ್ಕಿನ ಸೇತುವೆ ಬ್ರಿಟಿಷರ ಕಾಲದ್ದು. ಅದನ್ನು ಕಟ್ಟಿದವರು ಗಾಜಿನೆಳೆಯನ್ನು ಕನಸಿನಲ್ಲಿಯೂ ಕಂಡವರಲ್ಲ. ಅಂಥವಕ್ಕೆ ಹೊರಗಿನಿಂದ ಪಟ್ಟಿ ಕಟ್ಟಬಹುದು. ಸೊರಗಿದ ತೊಲೆ ಕಂಬಗಳಿಗೆ ಇಂಗಾಲದೆಳೆಯ ಬಟ್ಟೆಯನ್ನು ರಾಳದಲ್ಲಿ ಅದ್ದಿ ಸುತ್ತುವ ಚಿಕಿತ್ಸೆ ಈಗ ಎಲ್ಲೆಡೆಯೂ ಬಳಕೆಯಲ್ಲಿದೆ. ಆ ಬಟ್ಟೆಯ ಅಡಿಯಲ್ಲಿಯೇ ಗಾಜಿನೆಳೆಯನ್ನು ಅಂಟಿಸಿದರೆ ಪಟ್ಟಿಯೂ ಆಯಿತು, ನಾಡಿಯೂ ಸಿಕ್ಕಿತು. ಗಾಜಿನೆಳೆ ಅಗ್ಗ; ಅದನ್ನು ಓದುವ ಉಪಕರಣಕ್ಕೆ ಮಾತ್ರ ಲಕ್ಷಗಟ್ಟಲೆ ರೂಪಾಯಿ. ಆದರೆ ಊರಿಗೊಬ್ಬ ವೈದ್ಯನಿದ್ದರೆ ಸಾಕು, ಮನೆಗೊಬ್ಬ ಬೇಡ. ಒಂದು ಉಪಕರಣವನ್ನು ಸೇತುವೆಯಿಂದ ಸೇತುವೆಗೆ ಒಯ್ದು, ಮಳೆಗಾಲಕ್ಕೆ ಮುಂಚೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ನಾಡಿ ನೋಡಿದರೂ ಎಷ್ಟೋ ಆದೀತು.

ಈ ಕೆಲಸಕ್ಕೆ ಕೈಗಳ ಕೊರತೆಯಿಲ್ಲ. ಮೂಡುಬಿದಿರೆಯ ಬಳಿಯ ಮಿಜಾರಿನಲ್ಲಿ ಎರಡು ಇಂಜಿನಿಯರಿಂಗ್ ಕಾಲೇಜುಗಳುಂಟು. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಒಂದುಂಟು. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ದೂರವೇನಲ್ಲ. ಅಲ್ಲಿನ ವಿದ್ಯಾರ್ಥಿಗಳು ದಿನವೂ ದಾಟಿ ಬರುವ ಸೇತುವೆಗಳೇ ಅವರ ಪ್ರಯೋಗಶಾಲೆಯಾಗಬಹುದು. ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟ ಕುಸಿದು, ಬೆಳ್ತಂಗಡಿಯ ಹೊಳೆಗಳು ಹುಚ್ಚೆದ್ದು ಹರಿದ ದಿನಗಳನ್ನು ಕಂಡ ಹುಡುಗರಿಗೆ ಈ ವಿದ್ಯೆ ಏತಕ್ಕೆಂದು ಯಾರೂ ವಿವರಿಸಬೇಕಾಗಿಲ್ಲ.

ಮೂಡುಬಿದಿರೆಯ ಸಾವಿರ ಕಂಬದ ಬಸದಿ ೧೪೩೦ರಲ್ಲಿ ಎದ್ದಿತು. ಆರು ಶತಮಾನಗಳ ಮಳೆಯನ್ನು ಅದು ತಡೆದು ನಿಂತಿರುವುದು ಕಲ್ಲಿನ ಬಲವೊಂದರಿಂದಲೇ ಅಲ್ಲ. ಮಾಡಿನಲ್ಲಿ ನೀರು ಸೋರಿದಾಗ ಕಂಡು ಹೇಳಿದವರಿದ್ದರು. ಹೇಳಿದ್ದನ್ನು ಕೇಳಿ ಅಂದೇ ಏಣಿ ಹತ್ತಿದವರಿದ್ದರು. ವಿಜ್ಞಾನ ಈಗ ಕೊಟ್ಟಿರುವುದು ಕಂಡು ಹೇಳುವ ಎಳೆಯನ್ನು. ಏಣಿ ಹತ್ತುವವರನ್ನು ಒದಗಿಸಬೇಕಾದುದು ಊರು, ಸರಕಾರ. ಮುಂದಿನ ಮುಂಗಾರು ಬರುವುದಕ್ಕೆ ಮುಂಚೆ ಫಲ್ಗುಣಿ ನೇತ್ರಾವತಿಗಳ ಒಂದೊಂದು ಸೇತುವೆಯ ಹೆಸರಿನ ಮುಂದೆಯೂ, ಅದರ ನಾಡಿ ನೋಡಬೇಕಾದವರು ಯಾರು, ನೋಡಿದ್ದು ಯಾವ ದಿನ ಎಂಬ ಎರಡು ಸಾಲು ಬರೆದಿಟ್ಟರೆ, ಅದಕ್ಕೆ ಯಾವ ಉಪಕರಣವೂ ಬೇಕಾಗಿಲ್ಲ.